ಗುದ್ದಲಿ ಹಿಡಿದ ಕರುಣೆ



2022ರ ಸೆಪ್ಟೆಂಬರಿನಲ್ಲಿ ಮಾರಿಕಣಿವೆ ಜಲಾಶಯ ಕೋಡಿ ಬಿತ್ತು. 1933ರ ನಂತರ, ಅಂದರೆ 89 ವರ್ಷಕ್ಕೆ. ಹಿರಿಯೂರಿನ ಕಡೆಯವರಿಗೆ ಅದು ಹಬ್ಬ. ಅದೇ ನೀರು ಹಿನ್ನೀರಾಗಿ ಹೊಸದುರ್ಗ ತಾಲ್ಲೂಕಿನ ಹೊಲ, ತೋಟಗಳಿಗೆ ನುಗ್ಗಿತು. ಹಾಗಾದರೆ ದೇವರು ಹಿರಿಯೂರಿಗೆ ಒಲಿದು ಹೊಸದುರ್ಗಕ್ಕೆ ಮುನಿದನೇ? ಹೀಗೆ ಕೇಳಿದರೆ ಯಾರೂ ಹೌದೆನ್ನುವುದಿಲ್ಲ. ಆದರೆ ತೋಟ ಒಣಗಿದವನ, ಮಗು ಕಳೆದುಕೊಂಡವಳ ಬೆನ್ನ ಹಿಂದೆ ‘ಏನು ಪಾಪ ಮಾಡಿದ್ದರೋ’ ಎನ್ನಲು ನಾವು ಹಿಂದುಮುಂದು ನೋಡುವುದಿಲ್ಲ.

ಯೇಸುವಿನ ಮುಂದೆಯೂ ಈ ಮಾತು ಬಂದಿತ್ತು. ಲೂಕನ ಸುವಾರ್ತೆಯ 13ನೇ ಅಧ್ಯಾಯ. ಬಲಿ ಕೊಡುತ್ತಿದ್ದ ಗಲಿಲಾಯದವರನ್ನು ರೋಮನ್ ಅಧಿಪತಿ ಪಿಲಾತ ಕೊಲ್ಲಿಸಿದ ಸುದ್ದಿಯನ್ನು ಕೆಲವರು ತಂದರು. ಸಿಲೋವದ ಬುರುಜು ಕುಸಿದು ಸತ್ತ 18 ಜನರ ವಿಷಯವನ್ನು ಯೇಸು ತಾನೇ ಎತ್ತಿದ. ಬುರುಜು ಎಂದರೇನೆಂದು ಕೋಟೆಯ ಊರು ಚಿತ್ರದುರ್ಗದವರಿಗೆ ಹೇಳಬೇಕಿಲ್ಲ. ಸತ್ತವರು ಉಳಿದವರಿಗಿಂತ ಹೆಚ್ಚು ಪಾಪಿಗಳೇ? ಖಂಡಿತ ಅಲ್ಲ ಎಂದ. ಮರುಗಳಿಗೆಯಲ್ಲೇ ಕೇಳುತ್ತಿದ್ದವರತ್ತ ತಿರುಗಿ, ನಿಮ್ಮ ಮನಸ್ಸು ತಿರುಗದಿದ್ದರೆ ನಿಮಗೂ ನಾಶವೇ ಎಂದು ಎಚ್ಚರಿಸಿದ. ತೀರ್ಪು ಇದೆ. ಅದನ್ನು ಪಕ್ಕದ ಮನೆಯವರ ಸಂಕಟದಲ್ಲಿ ಓದುವ ಅಧಿಕಾರ ಮಾತ್ರ ನಮಗಿಲ್ಲ.

ಅದರ ಬೆನ್ನಿಗೇ ಯೇಸು ಒಂದು ಕಥೆ ಹೇಳಿದ. ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ದುಡಿಮೆಯಿಂದ 1831ರಲ್ಲಿ ಪಕ್ಕದ ಬಳ್ಳಾರಿಯಲ್ಲಿ ಇಡೀ ಬೈಬಲು ಕನ್ನಡದಲ್ಲಿ ಅಚ್ಚಾದಾಗ, ನಮ್ಮ ಬಯಲುಸೀಮೆಯ ಓದುಗರಿಗೆ ಈ ಕಥೆ ಪರದೇಶದ್ದೆನಿಸಿರಲಾರದು. ತೋಟದ ಯಜಮಾನ ಮೂರು ವರ್ಷದಿಂದ ಬಂದು ನೋಡುತ್ತಿದ್ದಾನೆ, ಅಂಜೂರದ ಮರದಲ್ಲಿ ಒಂದು ಹಣ್ಣೂ ಇಲ್ಲ. ಕಡಿಸಿಬಿಡುವ ಮನಸ್ಸು ಮಾಡುತ್ತಾನೆ. ಅವನ ಲೆಕ್ಕ ತಪ್ಪಲ್ಲ. ಬರಡು ಮರವೂ ನೀರು ಗೊಬ್ಬರ ತಿನ್ನುತ್ತದೆ, ತೋಟ ಮಾಡಿದ ನಿಮಗೆ ಅದು ಗೊತ್ತು. ತೋಟಗಾರ ಇನ್ನೊಂದು ವರ್ಷ ಕೇಳುತ್ತಾನೆ. ಮರ ಒಳ್ಳೆಯದೆಂದು ವಾದಿಸುವುದಿಲ್ಲ, ಯಜಮಾನ ಕಟುಕನೆಂದು ದೂರುವುದಿಲ್ಲ. ಬುಡ ಅಗೆದು ಗೊಬ್ಬರ ಹಾಕುತ್ತೇನೆಂದು ತನ್ನ ರಟ್ಟೆಯನ್ನೇ ಒತ್ತೆ ಇಡುತ್ತಾನೆ. ಆಮೇಲೂ ಫಲ ಬಾರದಿದ್ದರೆ ಕಡಿಯಬಹುದೆಂದು ಅವನೇ ಒಪ್ಪುತ್ತಾನೆ.

ನನ್ನನ್ನು ಹಿಡಿದು ನಿಲ್ಲಿಸುವುದು ಇದೇ. ನ್ಯಾಯ ರದ್ದಾಗಲಿಲ್ಲ, ಅದಕ್ಕೊಂದು ವಾಯಿದೆ ಸಿಕ್ಕಿತು. ಆ ವಾಯಿದೆಯುದ್ದಕ್ಕೂ ಬೆವರು ಸುರಿಸುವವನೊಬ್ಬ ಇದ್ದಾನೆ. ಆ ತೋಟಗಾರನಲ್ಲಿ ಯೇಸುವನ್ನೇ ಕಂಡ ಕ್ರೈಸ್ತರು ಬಹಳ. ಬರಗಾಲದಲ್ಲಿ ಟ್ಯಾಂಕರ್ ನೀರು ಕೊಂಡು ಅಡಿಕೆ ಉಳಿಸಿಕೊಂಡ ಹೊಳಲ್ಕೆರೆಯ ರೈತನಿಗೆ, ಒಂದು ವರ್ಷ ಎಂದರೆ ಎಷ್ಟು ಸಾಲ, ಎಷ್ಟು ನಿದ್ದೆಗೆಟ್ಟ ರಾತ್ರಿ ಎಂದು ಗೊತ್ತು. ಕ್ಷಮಿಸುವವನಿಗೂ ಖರ್ಚಿದೆ.

ಇನ್ನೊಬ್ಬರಿಗೆ ಸಿಕ್ಕ ವಾಯಿದೆ ಕಂಡು ಉರಿದವನೂ ಬೈಬಲಿನಲ್ಲಿದ್ದಾನೆ, ಪ್ರವಾದಿ ಯೋನ. ನಿನೆವೆ ನಾಶವಾಗುತ್ತದೆಂದು ಸಾರಿದ. ಊರು ಪಶ್ಚಾತ್ತಾಪಪಟ್ಟಿತು, ದೇವರು ಉಳಿಸಿದ. ಯೋನ ಮುನಿಸಿಕೊಂಡು ಕೂತ. ಅಲ್ಲಿನ 1,20,000ಕ್ಕೂ ಹೆಚ್ಚು ಜನರ ಬಗ್ಗೆ, ಅವರ ದನಕರುಗಳ ಬಗ್ಗೆಯೂ ನಾನು ಮರುಗಬಾರದೇ ಎಂದು ದೇವರು ಕೇಳುತ್ತಾನೆ. ಮೇವಿಲ್ಲದೆ ದನಗಳನ್ನು ಗೋಶಾಲೆಗೆ ಹೊಡೆದ ಜಿಲ್ಲೆ ನಮ್ಮದು. ಆ ದನಕರುಗಳ ಉಲ್ಲೇಖವನ್ನು ನಾನು ಸುಮ್ಮನೆ ದಾಟಿ ಹೋಗಲಾರೆ.

ವಾಯಿದೆ ಮುಗಿಯುವ ಕೊನೆಯ ತೀರ್ಪಿನ ದಿನವನ್ನು ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯ ವರ್ಣಿಸುತ್ತದೆ. ಅಲ್ಲಿ ತೀರ್ಪು ನೀಡುವ ರಾಜ ತೆರೆಯುವ ಲೆಕ್ಕದಲ್ಲಿ ಹಸಿದವರಿಗೆ ಕೊಟ್ಟ ಅನ್ನವಿದೆ, ಬಾಯಾರಿದವರಿಗೆ ಕೊಟ್ಟ ನೀರಿದೆ. ಹಸಿದವರಲ್ಲಿ, ಬಾಯಾರಿದವರಲ್ಲಿ ತಮಗೆ ಎದುರಾದವನು ಆ ರಾಜನೇ ಎಂದು ಕೊಟ್ಟವರಿಗೂ ಕೊಡದವರಿಗೂ ತಿಳಿದಿರಲಿಲ್ಲ. ಕೊಳವೆಬಾವಿ ಬತ್ತುವ, ಬಂದ ನೀರಿನಲ್ಲೂ ಫ್ಲೋರೈಡ್ ಇರುವ ಹಳ್ಳಿಗಳು ಈ ಸಭಾಂಗಣದಿಂದ ದೂರವಿಲ್ಲ. ಅಲ್ಲಿ ಕೊಡ ಹಿಡಿದು ಸಾಲಿನಲ್ಲಿ ನಿಂತವರ ಕಡೆಗೆ ನಾವು ಏನು ಮಾಡಿದೆವೆಂಬುದೂ ಆ ಲೆಕ್ಕದಲ್ಲಿ ಸೇರುತ್ತದೆಂದು ನಾನು ನಂಬುತ್ತೇನೆ.