ರಾಜ್ಯ ಹೋಯಿತು, ನಾವು ಇದ್ದಲ್ಲೇ ಇದ್ದೆವು
(ಮಹಿಳಾ ವೇದಿಕೆಯ ಕಾರ್ಯಕ್ರಮದಲ್ಲಿ ಆಡಿದ ಮಾತುಗಳ ಬರಹರೂಪ)



ನಮ್ಮ ಕಾರ್ಯಕ್ರಮಗಳಲ್ಲಿ ಯಾರೇ ಮೈಕ್ ಹಿಡಿದರೂ ಎಲ್ಲೋರಾ ಒಮ್ಮೆ ಬಂದೇ ಬರುತ್ತದೆ. ರಾಷ್ಟ್ರಕೂಟರ ಒಂದನೆಯ ಕೃಷ್ಣ ಕೈಲಾಸ ದೇವಾಲಯ ಕೊರೆಸಿದ, ಕವಿರಾಜಮಾರ್ಗದ ಪ್ರಕಾರ ಕನ್ನಡ ನಾಡಿನ ಉತ್ತರದ ಗಡಿ ಇದೇ ಗೋದಾವರಿ, ಸಂಭಾಜಿನಗರ ಜಿಲ್ಲೆಯಲ್ಲಿ 'ಕನ್ನಡ' ಎಂಬ ಹೆಸರಿನ ತಾಲೂಕೇ ಇದೆ. ಎಲ್ಲವೂ ನಿಜ. ದೇವನಾಗರಿಯಲ್ಲಿ 'ಕನ್ನಡ' ಅಂತ ಬೋರ್ಡ್ ಹಾಕಿಕೊಂಡು ಹೋಗುವ ಎಸ್‌ಟಿ ಬಸ್ಸಿನ ಫೋಟೋ ನನ್ನ ಫೋನ್‌ನಲ್ಲೂ ಇದೆ, ನಿಮ್ಮದರಲ್ಲೂ ಇರುತ್ತದೆ. ಆದರೆ ನನಗೆ ಒಂದು ವಿಚಿತ್ರ ಅನ್ನಿಸುತ್ತದೆ. ಸಾವಿರದ ಇನ್ನೂರು ವರ್ಷ ಹಿಂದಿನದನ್ನು ನಾವು ಬಾಯಿಪಾಠ ಹೇಳುತ್ತೇವೆ. ಎಪ್ಪತ್ತೈದು ವರ್ಷ ಹಿಂದೆ ನಮ್ಮದೇ ಮನೆಯ ಹೆಂಗಸರು ಇದೇ ಊರಲ್ಲಿ ಹೇಗೆ ಬದುಕಿದರು ಅಂತ ಕೇಳಿದರೆ ಸುಮ್ಮನಾಗುತ್ತೇವೆ. ಅದಕ್ಕೆ ಇವತ್ತು ಎಲ್ಲೋರಾ ಬಿಟ್ಟು, ಅಜ್ಜಿಯ ವಿಷಯ ಮಾತಾಡುತ್ತೇನೆ.

ನಮ್ಮ ಅಜ್ಜಿ, ಅಂದರೆ ಅಮ್ಮನ ಅಮ್ಮ, ಹುಟ್ಟಿದ್ದು 1938ರಲ್ಲಿ. ಊರಿನ ಹೆಸರು ಈಗ ಛತ್ರಪತಿ ಸಂಭಾಜಿನಗರ. ಹಳೆಯ ಕಥೆ ಹೇಳುವಾಗ ಅಜ್ಜಿಯ ಬಾಯಲ್ಲಿ ಔರಂಗಾಬಾದ್ ಅಂತಲೇ ಬರುತ್ತದೆ, ಹಾಗಾಗಿ ನಾನೂ ಹಾಗೇ ಹೇಳುತ್ತೇನೆ. ಅವರ ತಂದೆ ಕಲಬುರ್ಗಿಯವರು, ನಿಜಾಮ ಸರ್ಕಾರದ ಕಂದಾಯ ಇಲಾಖೆಯಲ್ಲಿ ಕಾರಕೂನರು. ಔರಂಗಾಬಾದ್‌ಗೆ ವರ್ಗವಾಗಿ ಬಂದು ಗುಲ್‌ಮಂಡಿಯ ಹತ್ತಿರ ಮನೆ ಮಾಡಿದರು. ಚಿಕ್ಕವಳಿದ್ದಾಗ ನಾನು ಶಾಲೆಯ ಪ್ರಾಜೆಕ್ಟ್‌ಗೆ ಕೇಳಿದ್ದೆ: "ಅಜ್ಜಿ, ನಾವು ಮಹಾರಾಷ್ಟ್ರಕ್ಕೆ ಯಾವಾಗ ಬಂದ್ವಿ?" ಅವರು ಹೇಳಿದ್ದು ಇಷ್ಟು: "ನಾವೆಲ್ಲಿ ಬಂದೀವಿ ಯವ್ವಾ? ನಾವು ಇದ್ದಲ್ಲೇ ಇದ್ದೀವಿ. ರಾಜ್ಯಾನೇ ಎದ್ದು ಹೋತು."

ಆ ವಯಸ್ಸಿನಲ್ಲಿ ನನಗೆ ಅದು ತಮಾಷೆ ಅನ್ನಿಸಿತ್ತು. ನಕಾಶೆ ತೆಗೆದರೆ ಅಕ್ಷರಶಃ ಹಾಗೇ ಇದೆ. ಹೈದರಾಬಾದ್ ಸಂಸ್ಥಾನದ 16 ಜಿಲ್ಲೆಗಳಲ್ಲಿ ತೆಲುಗಿನವು ಎಂಟು, ಮರಾಠವಾಡದವು ಐದು, ಕನ್ನಡದವು ಮೂರು: ಬೀದರ್, ಕಲಬುರ್ಗಿ, ರಾಯಚೂರು. ಔರಂಗಾಬಾದ್ ಒಂದು ಸುಭಾ ಕೇಂದ್ರ, ಕಲಬುರ್ಗಿ ಇನ್ನೊಂದು. ಕಲಬುರ್ಗಿಯಿಂದ ಔರಂಗಾಬಾದ್‌ಗೆ ಬರುವುದೆಂದರೆ ಇವತ್ತು ಧಾರವಾಡದಿಂದ ಮೈಸೂರಿಗೆ ವರ್ಗವಾದ ಹಾಗೆ. ಒಂದೇ ಸರ್ಕಾರ, ಒಂದೇ ಉರ್ದು ಕಡತ, ಒಂದೇ ನಾಣ್ಯ. ಗಡಿ ಇದ್ದದ್ದು ಬೇರೆ ಕಡೆ, ಈ ನಾಸಿಕ್ ಕಡೆ! ನಾಸಿಕ್ ಜಿಲ್ಲೆ ಬ್ರಿಟಿಷರ ಮುಂಬಯಿ ಪ್ರಾಂತ್ಯದ್ದು. ಮೀಟರ್‌ಗೇಜ್ ರೈಲು ರೋಟೆಗಾಂವ್ ದಾಟಿ ನಗರಸೂಲ್ ಮುಟ್ಟುವಷ್ಟರಲ್ಲಿ ಸಂಸ್ಥಾನ ಮುಗಿಯುತ್ತಿತ್ತು, ಮುಂದೆ ಮನ್ಮಾಡ್. ಚಾರ್‌ಮಿನಾರ್ ಚಿತ್ರವಿದ್ದ ಹಾಲಿ ಸಿಕ್ಕಾ ಅಲ್ಲಿ ನಡೆಯುವುದಿಲ್ಲ. ಹಾಲಿಯ ಏಳು ರೂಪಾಯಿ ಕೊಟ್ಟರೆ ಆಚೆಯ ಆರು ರೂಪಾಯಿ. ಅಜ್ಜಿಗೆ ಏಳರ ಮಗ್ಗಿ ಬೇಗ ಬಂದದ್ದು ಇದರಿಂದಲೇ ಅಂತೆ. ಆಮೇಲೆ 1957ರಲ್ಲಿ ನಯಾ ಪೈಸೆ ಬಂದು, ಆಣೆಯ ಲೆಕ್ಕವೂ ಬದಲಾಗಿ, ತರಕಾರಿಯವಳ ಹತ್ತಿರ ದಿನಾ ಜಗಳ.

ನಾನು ಈಗ ನಾಸಿಕ್‌ನಲ್ಲಿದ್ದೇನೆ, ತವರು ಸಂಭಾಜಿನಗರ. ಅದೇ ಹಳಿಯ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತು ಮೂರು ಗಂಟೆಯಲ್ಲಿ ತವರಿಗೆ ಹೋಗುತ್ತೇನೆ. ಗಡಿ ಎಲ್ಲಿತ್ತು ಅಂತ ಕಿಟಕಿಯಲ್ಲಿ ಹುಡುಕಿದರೆ ಕಾಣುವುದು ಈರುಳ್ಳಿ ಹೊಲ ಮಾತ್ರ.

ನೀರಿನ ವಿಷಯ ಹೇಳದಿದ್ದರೆ ಅಜ್ಜಿ ಸಿಟ್ಟಾಗುತ್ತಾರೆ. ಮಲಿಕ್ ಅಂಬರ್ ಹದಿನೇಳನೇ ಶತಮಾನದಲ್ಲಿ ಮಾಡಿಸಿದ ನಹರ್-ಎ-ಅಂಬರಿ ಅವರ ಬಾಲ್ಯದಲ್ಲೂ ಹರಿಯುತ್ತಿತ್ತು. ಗುಡ್ಡದ ಕಡೆಯ ಅಂತರ್ಜಲ ಹಿಡಿದು, ನೆಲದಡಿಯ ಕಾಲುವೆ ಮತ್ತು ಮಣ್ಣಿನ ಕೊಳವೆಗಳಲ್ಲಿ ಊರೊಳಗೆ ತಂದದ್ದು. ಪಂಪ್ ಇಲ್ಲ, ಬರೀ ಇಳಿಜಾರು. ನಡುನಡುವೆ ಕಲ್ಲು ಗಾರೆಯ ಎತ್ತರದ ಕಂಬಗಳು, ನೀರು ಅದರಲ್ಲಿ ಮೇಲೇರಿ, ಸಿಕ್ಕಿಕೊಂಡ ಗಾಳಿ ಬಿಟ್ಟು, ಮತ್ತೆ ಕೆಳಗಿಳಿದು ಮುಂದೆ ಹೋಗುತ್ತದೆ. ಎಂಟೆಕ್‌ನಲ್ಲಿ ನಾನು ನೆಟ್‌ವರ್ಕ್ ಓದಿದವಳು. ಎಲ್ಲಿ ಒತ್ತಡ ಹೆಚ್ಚುತ್ತದೆ, ಎಲ್ಲಿ ಬಿಡಬೇಕು ಅಂತ ಆ ಕಾಲದಲ್ಲಿ ಯೋಚಿಸಿದ ರೀತಿ ನೋಡಿದರೆ ನಮ್ಮ ಕೆಲವು ಸರ್ವರ್‌ಗಳ ಬಗ್ಗೆ ನಾಚಿಕೆಯಾಗುತ್ತದೆ. ಅಜ್ಜಿಗೆ ಇದ್ಯಾವುದೂ ಬೇಡ. ಅವರಿಗೆ ನೆನಪಿರುವುದು ಹೌದಿನ ಹತ್ತಿರ ಬೆಳಗಿನ ಜಾವದ ಸಾಲು, ಮರಾಠಿ, ದಖ್ಖನಿ, ಕನ್ನಡ ಮೂರೂ ಕಲಸಿದ ಮಾತು, ಮತ್ತು ಪನ್‌ಚಕ್ಕಿಯಲ್ಲಿ ನೀರು ಬೀಳುವ ಸದ್ದು. ಕೊಡದ ಸಾಲಿನಲ್ಲಿ ಜಾತಿ ಧರ್ಮ ಇರಲಿಲ್ಲವೇ ಅಂದರೆ, "ಇತ್ತು, ಯಾಕಿರಲ್ಲ?" ಅಂತ ನೇರವಾಗಿ ಹೇಳುತ್ತಾರೆ. ಆ ಕಾಲದಲ್ಲಿ ಎಲ್ಲರೂ ಒಂದೇ ತಾಯಿ ಮಕ್ಕಳಂತೆ ಇದ್ದರು ಅನ್ನುವ ವಾಟ್ಸಾಪ್ ಮೆಸೇಜ್‌ಗಳಿಗಿಂತ ಈ ಉತ್ತರ ನನಗೆ ಹೆಚ್ಚು ಇಷ್ಟ.

ಈಗ 1948. ಇದು ನಮ್ಮ ಮನೆಯಲ್ಲಿ ಯಾರೂ ಮಾತಾಡದ ವರ್ಷ. ನನ್ನ ಅಮ್ಮನಿಗೂ ಪೂರ್ತಿ ಗೊತ್ತಿರಲಿಲ್ಲ. ಕಳೆದ ಎರಡು ವರ್ಷಗಳಲ್ಲಿ ನಾನು ರೆಕಾರ್ಡ್ ಮಾಡುತ್ತಾ ಕೂತಾಗ ಅಜ್ಜಿ ಚೂರುಚೂರಾಗಿ ಹೇಳಿದರು. ಅವರ ಒಪ್ಪಿಗೆ ಪಡೆದೇ ಇಲ್ಲಿ ಹೇಳುತ್ತಿದ್ದೇನೆ.

ರಜಾಕಾರರ ಕಾಲ. ಮರಾಠವಾಡ ಮತ್ತು ಕಲಬುರ್ಗಿ, ಬೀದರ್ ಕಡೆಯ ಎಷ್ಟೋ ಕುಟುಂಬಗಳು ಗಡಿ ದಾಟಿ ಸೊಲ್ಲಾಪುರ, ಮನ್ಮಾಡ್ ಕಡೆಗೆ ಹೋದವು. ಅಜ್ಜಿಯ ತಂದೆ ಸರ್ಕಾರಿ ನೌಕರರು, ಊರು ಬಿಡುವ ಹಾಗಿಲ್ಲ. ಹೆಂಡತಿ ಮಕ್ಕಳನ್ನು ಮಾತ್ರ ರೈಲು ಹತ್ತಿಸಿದರು. ಮನ್ಮಾಡ್‌ನಲ್ಲಿ ದೊಡ್ಡ ಗಾಡಿಗೆ ಬದಲಾಯಿಸಿ, ನಾಸಿಕ್ ರೋಡ್‌ನಲ್ಲಿ ಇಳಿದು, ಟಾಂಗಾದಲ್ಲಿ ಪಂಚವಟಿಯ ಒಂದು ಧರ್ಮಶಾಲೆಗೆ ಬಂದರು. ಹತ್ತು ವರ್ಷದ ಹುಡುಗಿಗೆ ಗೋದಾವರಿ, ರಾಮಕುಂಡ, ಘಂಟೆಗಳು ಎಲ್ಲ ಜಾತ್ರೆಯ ಹಾಗೆ. ತಾಯಿಗೆ ಮಾತ್ರ ಪ್ರತಿದಿನ ಟಪಾಲಿನವನ ದಾರಿ. ಏಳು ತಿಂಗಳು ಅಲ್ಲಿದ್ದರು. ಕೈಯಲ್ಲಿದ್ದ ಹಾಲಿ ರೂಪಾಯಿ ಕರಗುತ್ತಾ ಬಂದಾಗ ತಾಯಿ ಯಾತ್ರಿಕರಿಗೆ ರೊಟ್ಟಿ ಬಡಿದು ಕೊಟ್ಟು ಸಂಸಾರ ನಡೆಸಿದರು. ಮಕ್ಕಳಿಗೆ ಶಾಲೆ ಇಲ್ಲ. ಒಲೆಯ ಬೂದಿ ನೆಲದ ಮೇಲೆ ಹರಡಿ, ಬೆರಳಿನಿಂದ ಕನ್ನಡ ಅಕ್ಷರ ತಿದ್ದಿಸಿದ್ದು ಆ ಧರ್ಮಶಾಲೆಯಲ್ಲಿ. ಊರಲ್ಲಿ ಶಾಲೆಯ ಮಾಧ್ಯಮ ಉರ್ದು, ಬೀದಿಯ ಭಾಷೆ ಮರಾಠಿ. ಹಾಗಾಗಿ ನಮ್ಮ ಮನೆಗೆ ಕನ್ನಡ ಓದು ಬರಹ ಬಂದದ್ದು ನಾಸಿಕ್‌ನಿಂದ ಅಂತ ಹೇಳಿದರೆ ತಪ್ಪಿಲ್ಲ.

ಆ ಕಡೆ ತಂದೆ ಒಬ್ಬರೇ. ಪಕ್ಕದ ಮನೆಯ ಖಾಲಾ ಅವರ ಯೋಗಕ್ಷೇಮ ನೋಡಿಕೊಂಡರು. ಇವರು ಅವರ ಮನೆಯ ಅಡುಗೆ ಉಣ್ಣುವವರಲ್ಲ ಅಂತ ಖಾಲಾಗೆ ಗೊತ್ತು. ಅದಕ್ಕೆ ಹಾಲು, ಪೇರಲ, ಹಸಿ ಕಡಲೆ ಕಳಿಸುತ್ತಿದ್ದರು. ರಾತ್ರಿ ಖಾಲಾನ ದೊಡ್ಡ ಮಗ ಇವರ ಕಟ್ಟೆಯ ಮೇಲೆ ಮಲಗುತ್ತಿದ್ದ. ಆ ಹುಡುಗ ಅಲ್ಲಿ ಮಲಗಿದ್ದಾನೆ ಅಂದರೆ ಯಾರೂ ಆ ಬಾಗಿಲು ತಟ್ಟುತ್ತಿರಲಿಲ್ಲ.

ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಒಳಗೆ ಬಂತು, 17ಕ್ಕೆ ಎಲ್ಲ ಮುಗಿಯಿತು. ಈಗ ಭಯ ಮನೆ ಬದಲಾಯಿಸಿತು. ಪೊಲೀಸ್ ಆಕ್ಷನ್ ನಂತರ ಹಲವು ಜಿಲ್ಲೆಗಳಲ್ಲಿ ಮುಸ್ಲಿಮರ ಮೇಲೆ ಏನೇನಾಯಿತು ಅಂತ ನೋಡಲು ಭಾರತ ಸರ್ಕಾರವೇ ಪಂಡಿತ್ ಸುಂದರಲಾಲ್ ಸಮಿತಿಯನ್ನು ಕಳಿಸಿತ್ತು. ಅದರ ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ. ಹಳ್ಳಿಗಳಿಂದ ಸುದ್ದಿ ಬರುತ್ತಿದ್ದ ಆ ದಿನಗಳಲ್ಲಿ ಖಾಲಾ, ಅವರ ಇಬ್ಬರು ಸೊಸೆಯರು, ಮಕ್ಕಳು ನಮ್ಮವರ ಮನೆಯ ಹಿಂದಿನ ಕೋಣೆಯಲ್ಲಿ ಇದ್ದರು. ಮುಂದಿನ ಕಟ್ಟೆಯ ಮೇಲೆ ಈಗ ಮಲಗಿದ್ದು ಅಜ್ಜಿಯ ತಂದೆ.

ತಾಯಿ ಮಕ್ಕಳು ನಾಸಿಕ್‌ನಿಂದ ವಾಪಸ್ ಬಂದಾಗ ಅಡುಗೆಮನೆಯಲ್ಲಿ ಖಾಲಾ ಒಲೆ ಊದುತ್ತಿದ್ದರಂತೆ. ಅಜ್ಜಿಗೆ ಇದು ಕಣ್ಣಿಗೆ ಕಟ್ಟಿದ ಹಾಗಿದೆ. ತಾಯಿ ಹೊಸ್ತಿಲ ಮೇಲೆ ನಿಂತರು. ಸ್ವಲ್ಪ ಹೊತ್ತು ನಿಂತೇ ಇದ್ದರು. ಆಮೇಲೆ ಒಳಗೆ ಹೋಗಿ, ಗಂಟು ಕೆಳಗಿಟ್ಟು, "ಅಕ್ಕಾ, ಸರೀರಿ, ನಾ ಮಾಡ್ತೀನಿ" ಅಂತ ಚಹಾಕ್ಕೆ ಇಟ್ಟರು. ಇಬ್ಬರೂ ಅಲ್ಲೇ ಕೂತು ಅತ್ತರು. ಹತ್ತು ಹನ್ನೆರಡು ದಿನದ ನಂತರ ಊರು ತಣ್ಣಗಾಗಿ ಖಾಲಾನ ಮನೆಯವರು ತಮ್ಮ ಮನೆಗೆ ಹೋದರು. ಅವತ್ತು ಸಂಜೆ ತಾಯಿ ಅಡುಗೆಮನೆಯನ್ನೆಲ್ಲ ಸಗಣಿಯಿಂದ ಸಾರಿಸಿ, ಗೋಮೂತ್ರ ಚಿಮುಕಿಸಿದರು.

ಇದನ್ನು ಕೇಳಿ ನಾನು ರೆಕಾರ್ಡಿಂಗ್ ನಿಲ್ಲಿಸಿ, "ಅಜ್ಜಿ, ಕೊನೆಯದು ಬರೆಯೋದು ಬೇಡ ಅಲ್ವಾ?" ಅಂದೆ. ಅಜ್ಜಿ ಒಪ್ಪಲಿಲ್ಲ. "ಎರಡೂ ಖರೇನೇ ಅದಾವು. ಒಂದು ಹೇಳಿ ಒಂದು ಬಿಡಬ್ಯಾಡ" ಅಂದರು. ಖಾಲಾ ಮನೆಯವರು ಮರುವರ್ಷ ಹೈದರಾಬಾದ್‌ಗೆ ಹೊರಟುಹೋದರು. ಕೆಲವು ವರ್ಷ ಈದ್‌ಗೊಂದು ಕಾಗದ ಬರುತ್ತಿತ್ತು. ಆ ಕಾಗದದ ಮೇಲಿನ ಸ್ಟ್ಯಾಂಪ್ ಈಗ ನಿಜಾಮನದಲ್ಲ, ಇಲ್ಲೇ ನಾಸಿಕ್ ರೋಡಿನ ಸೆಕ್ಯುರಿಟಿ ಪ್ರೆಸ್‌ನಲ್ಲಿ ಅಚ್ಚಾಗಿ ಬಂದದ್ದು.

1956, ನವೆಂಬರ್ 1. ಕನ್ನಡದ ಮೂರು ಜಿಲ್ಲೆ ಮೈಸೂರು ರಾಜ್ಯಕ್ಕೆ, ಮರಾಠವಾಡ ಮುಂಬಯಿ ರಾಜ್ಯಕ್ಕೆ, 1960ರಲ್ಲಿ ಮಹಾರಾಷ್ಟ್ರ. ನಮಗೆ ನವೆಂಬರ್ 1 ಅಂದರೆ ಬಾವುಟ, ಹಾಡು, ಇಡ್ಲಿ ವಡೆ. ಅಜ್ಜಿಯ ಮನೆಯಲ್ಲಿ ಅದು ಮನೆ ಭಾಗವಾದ ದಿನ. ನೌಕರರನ್ನು ರಾಜ್ಯಗಳಿಗೆ ಹಂಚುವಾಗ ತಂದೆಯ ತಮ್ಮ ಕಲಬುರ್ಗಿಯಲ್ಲಿದ್ದು ಮೈಸೂರು ರಾಜ್ಯದವರಾದರು. ಅಣ್ಣ ಮನೆ, ಮಕ್ಕಳ ಶಾಲೆ ಬಿಟ್ಟು ಹೋಗಲಾರದೆ ಔರಂಗಾಬಾದ್‌ನಲ್ಲೇ ಉಳಿದರು. ಅಜ್ಜಿಯ ಮದುವೆ ಮರುವರ್ಷ. ವರ ಕಲಬುರ್ಗಿಯ ಸೋದರ ಸಂಬಂಧವೇ, ಆದರೆ ಕೆಲಸ ಔರಂಗಾಬಾದ್‌ನ ಶಾಲೆಯಲ್ಲಿ. "ಬ್ಯಾರೆ ರಾಜ್ಯದ ಗಂಡು" ಅಂತ ನೆಂಟರು ಚೇಷ್ಟೆ ಮಾಡಿದರಂತೆ, ಒಂದು ವರ್ಷದ ಹಿಂದೆ ಇಲ್ಲದ ಮಾತು! ಅಂದಹಾಗೆ ಲಾತೂರು, ಧಾರಾಶಿವ ಕಡೆಯ ಮರಾಠಿಗರು ಇವತ್ತಿಗೂ ಹೊಲಕ್ಕೆ ಹೋಗಿ ಭಜ್ಜಿ, ಅಂಬಲಿ ಉಣ್ಣುವ ಹಬ್ಬಕ್ಕೆ 'ವೇಳಾ ಅಮಾವಾಸ್ಯೆ' ಅನ್ನುತ್ತಾರೆ. ಅದು ನಮ್ಮ ಎಳ್ಳಮಾವಾಸ್ಯೆಯೇ. ಆಯೋಗದವರ ಗೆರೆ ಅಡುಗೆಯ ಮೇಲೆ ಬೀಳಲಿಲ್ಲ.

ನನ್ನ ಅತ್ತೆ ಮಾವನ ಕಥೆ ಬೇರೆ ಥರದ್ದು. ಎಚ್‌ಎಎಲ್ ಇಲ್ಲಿ ಓಝರ್‌ನಲ್ಲಿ 1964ರಲ್ಲಿ ಮಿಗ್ ಕಾರ್ಖಾನೆ ಶುರು ಮಾಡಿದಾಗ ಮಾವನ ತಂದೆ ಬೆಂಗಳೂರಿನಿಂದ ಬಂದವರು. ಅವರದು ನಿಜವಾಗಿ 'ಬಂದ' ಕಥೆ, ಟ್ರಂಕು, ಕಾಫಿಬೀಜ ಹುರಿಯುವ ಬಾಣಲೆ ಸಮೇತ. ಓಝರ್ ಟೌನ್‌ಶಿಪ್‌ನ ಅಕ್ಕಂದಿರು ಇಲ್ಲಿ ಕೂತಿದ್ದಾರೆ, ಅದನ್ನು ಅವರೇ ಹೇಳಿದರೆ ಚೆಂದ.

ಅಜ್ಜಿಯ ರೆಕಾರ್ಡಿಂಗ್ ಈಗ ಹದಿನಾಲ್ಕು ಗಂಟೆ ಆಗಿದೆ. ಇದನ್ನು ಬರಹಕ್ಕೆ ಇಳಿಸಲು ಸಾಫ್ಟ್‌ವೇರ್‌ಗೆ ಹಾಕಿದೆ, ನನ್ನ ವೃತ್ತಿಯೇ ಅದು ತಾನೇ. ಮೊದಲು ಕೇಳುವುದು: ಭಾಷೆ ಯಾವುದು, ಆಯ್ಕೆ ಮಾಡಿ. ಒಂದೇ ವಾಕ್ಯದಲ್ಲಿ ಕಲಬುರ್ಗಿ ಕನ್ನಡ, ಮರಾಠಿ, ದಖ್ಖನಿ ಮೂರೂ ಇದ್ದರೆ ಯಾವುದನ್ನು ಒತ್ತಲಿ? ಕನ್ನಡ ಒತ್ತಿದರೆ ಖಾಲಾ ಆಡಿದ ಮಾತೆಲ್ಲ ಮಾಯ. ಹಾಗಾಗಿ ರಾತ್ರಿ ಮಗಳು ಮಲಗಿದ ಮೇಲೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೈಯಿಂದಲೇ ಬರೆಯುತ್ತಿದ್ದೇನೆ. ಐದು ಗಂಟೆಯಷ್ಟು ಮುಗಿದಿದೆ. ಅಜ್ಜಿಗೆ ಈಗ ಬೆಳಗ್ಗೆ ಹೇಳಿದ್ದು ಸಂಜೆಗೆ ನೆನಪಿರುವುದಿಲ್ಲ, 1948 ಮಾತ್ರ ಇದೆ. ಅದೂ ಕಳೆದ ತಿಂಗಳಿಂದ ಒಮ್ಮೊಮ್ಮೆ ನನ್ನನ್ನು ಅವರ ತಾಯಿ ಅಂದುಕೊಂಡು, "ನಾಸಿಕ್‌ನಿಂದ ಯಾವಾಗ ಬಂದಿ?" ಅಂತ ಕೇಳುತ್ತಾರೆ. "ಈಗಷ್ಟೇ ಬಂದೆ" ಅನ್ನುತ್ತೇನೆ. ಅದು ಸುಳ್ಳೂ ಅಲ್ಲ.

ಬರುವ ಭಾನುವಾರ ನಾಸಿಕ್ ರೋಡಿನಲ್ಲಿ ತೊಂಬತ್ತೊಂದು ವಯಸ್ಸಿನ ಇನ್ನೊಬ್ಬ ಕನ್ನಡದ ಅಜ್ಜಿಯನ್ನು ನೋಡಲು ಹೋಗುತ್ತಿದ್ದೇನೆ. ಅವರ ಮಗಳು ಮಧ್ಯಾಹ್ನ ಮೂರಕ್ಕೆ ಬನ್ನಿ ಅಂದಿದ್ದಾರೆ, ನಿದ್ದೆಯಿಂದ ಎದ್ದ ಮೇಲೆ ಮಾತು ಚೆನ್ನಾಗಿ ಬರುತ್ತದಂತೆ. ಕಾರಿನಲ್ಲಿ ಇನ್ನೂ ಮೂವರಿಗೆ ಜಾಗ ಇದೆ. ಬರುವವರು ಕಾರ್ಯಕ್ರಮ ಮುಗಿದ ಮೇಲೆ ನನಗೆ ಹೇಳಿ.