ಅಡಿಕೆ ಮರದ ತುದಿಯಲ್ಲಿ ಪಿಲಿಕುಡೋಲು

ಬಿ.ಸಿ.ರೋಡಿನಿಂದ ಬೆಳ್ತಂಗಡಿಗೆ ಬಸ್ಸಲ್ಲಿ ಹೋಗ್ತಾ ಕೇಳುವವರಿಗೂ, ಮೂಡುಬಿದಿರೆಯ ಹಾಸ್ಟೆಲಲ್ಲಿ ಮಲಗಿಕೊಂಡು ಕೇಳುವವರಿಗೂ ಇವತ್ತು ಚುಚ್ಚುವ ಹುಳಗಳ ವಿಷಯ.

ಕಳೆದ ಮಳೆಗಾಲದಲ್ಲಿ ನಮ್ಮ ಮಾವ ಬೋರ್ಡೋ ಬಿಡ್ಲಿಕ್ಕೆ ಅಡಿಕೆ ಮರ ಹತ್ತಿದ್ರು. ಪಕ್ಕದ ಮರದಲ್ಲಿ ಗೂಡು ಇದ್ದದ್ದು ಕಾಣಲಿಲ್ಲ. ಆರೇಳು ಕಡೆ ಚುಚ್ಚಿತು. ಕೆಳಗೆ ಇಳಿಯುವಷ್ಟರಲ್ಲಿ ಮೈಯೆಲ್ಲ ದದ್ದು, ಗಂಟಲು ಕಟ್ಟಿದ ಹಾಗೆ. ಅತ್ತೆ ಸುಣ್ಣ ತರ್ಲಿಕ್ಕೆ ಒಳಗೆ ಓಡಿದ್ರು, ನೆರೆಮನೆಯ ಹುಡುಗ ಜೀಪು ತಂದ. ಮಾವ ಉಳಿದದ್ದು ಜೀಪಿನಿಂದ, ಸುಣ್ಣದಿಂದ ಅಲ್ಲ. ಆಸ್ಪತ್ರೆಯಲ್ಲಿ ಮೊದಲು ಕೊಟ್ಟದ್ದು ಅಡ್ರಿನಲಿನ್ ಇಂಜೆಕ್ಷನ್. ಉಸಿರು ಕಟ್ಟುವ ಅಲರ್ಜಿಗೆ ಮದ್ದು ಅದೇ.

ಆ ಹುಳ ಜೇನಲ್ಲ, ಕಣಜ. ತುಳುವಿನಲ್ಲಿ ಪಿಲಿಕುಡೋಲು. ಪಿಲಿ ಅಂದ್ರೆ ಹುಲಿ, ಮತ್ತೆ ವಿವರಿಸುವ ಅಗತ್ಯ ಇಲ್ಲ ಅಲ್ವಾ? ಮರದ ನಾರನ್ನು ಅಗಿದು, ಎಂಜಲು ಸೇರಿಸಿ, ಕಾಗದದಂಥ ಗೂಡು ಕಟ್ಟುತ್ತದೆ. ಅದರ ಮುಳ್ಳು ಸೂಜಿಯಂತೆ ನುಣುಪು. ಹಾಗಾಗಿ ಒಂದೇ ಹುಳ ಹತ್ತು ಸಲ ಚುಚ್ಚಬಹುದು.

ಹೆಜ್ಜೇನಿನದ್ದು ಬೇರೆ ಲೆಕ್ಕ. ಅದರ ಮುಳ್ಳಿಗೆ ಗಾಳದ ಹಾಗೆ ಹಿಂಬಾಗಿದ ಹಲ್ಲುಗಳುಂಟು. ನಮ್ಮ ಚರ್ಮದಲ್ಲಿ ಸಿಕ್ಕಿಕೊಂಡರೆ ವಿಷದ ಚೀಲದ ಸಮೇತ ಕಿತ್ತು ಬರುತ್ತದೆ, ಜೇನು ಸಾಯುತ್ತದೆ. ಚೀಲ ಮಾತ್ರ ವಿಷ ಒತ್ತುತ್ತಲೇ ಇರುತ್ತದೆ! ಆದ್ದರಿಂದ ಉಗುರಿನಿಂದಲೋ ಎಟಿಎಂ ಕಾರ್ಡಿನಿಂದಲೋ, ಹೇಗಾದ್ರೂ ಬೇಗ ತೆಗೀಬೇಕು. ಇನ್ನೊಂದು ಮಜಾ ಉಂಟು: ಚುಚ್ಚಿದಾಗ ಹೊರಬರುವ ಅಪಾಯದ ವಾಸನೆ ಬಾಳೆಹಣ್ಣಿನ ಹಾಗೆ ಇರುತ್ತದೆ. ಉಳಿದವುಗಳಿಗೆ ಅದು ‘ಇಲ್ಲೇ ಚುಚ್ಚಿ’ ಎಂಬ ಲೊಕೇಶನ್ ಶೇರ್. ಅಲ್ಲೇ ನಿಂತು ಕೈ ಬೀಸಬೇಡಿ, ಮುಖ ಮುಚ್ಚಿಕೊಂಡು ಓಡಿ, ಮನೆಯೋ ಕಾರೋ ಸಿಕ್ಕಿದ್ರೆ ಒಳಗೆ ಹೋಗಿ ಬಾಗಿಲು ಹಾಕಿ. ಸಿನಿಮಾದಲ್ಲಿ ತೋರಿಸಿದ ಹಾಗೆ ಕೆರೆಗೆ ಹಾರಬೇಡಿ. ತಲೆ ಎತ್ತುವವರೆಗೆ ಅವು ಮೇಲೆಯೇ ಸುತ್ತುತ್ತಿರಬಹುದು.

ಇನ್ನು ಪೆಟ್ಟಿಗೆಯಲ್ಲಿ ಸಾಕುವ ತುಡುವೆ. ಇವುಗಳದ್ದು ನೋವಿನ ಕಥೆ. 1991ರ ನಂತರ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ದಕ್ಷಿಣ ಭಾರತಕ್ಕೆ ಹಬ್ಬಿ, ಮರಿಹುಳಗಳು ಎರಿಯಲ್ಲೇ ಸತ್ತು, ಪೆಟ್ಟಿಗೆಗಳು ಖಾಲಿಯಾದವು. ಹಳೆ ಮನೆಗಳ ಅಟ್ಟದಲ್ಲಿ ಈಗಲೂ ಖಾಲಿ ಪೆಟ್ಟಿಗೆ ಕಂಡರೆ ಅಜ್ಜನ ಹತ್ತಿರ ಒಮ್ಮೆ ಕೇಳಿ ನೋಡಿ.

ಮುಜಂಟಿಗೆ ಚುಚ್ಚುವ ಮುಳ್ಳೇ ಇಲ್ಲ. ಕೆಂಪುಕಲ್ಲಿನ ಗೋಡೆಯ ತೂತಿನಲ್ಲಿ ಮೇಣದ ಕೊಳವೆ ಕಟ್ಟಿಕೊಂಡು ಪಾಪ ಅದರಷ್ಟಕ್ಕೆ ಇರುತ್ತದೆ. ತೀರಾ ಕೋಪ ಬಂದರೆ ಕೂದಲೊಳಗೆ ನುಗ್ಗಿ ಕಚ್ಚುತ್ತದೆ, ಅಷ್ಟೆ.

ಮಾವ ಮನೆಗೆ ಬಂದ ಮೇಲೆ ಸೀಮೆಎಣ್ಣೆ ಸೂಟೆ ಕಟ್ಟಿ ಆ ಗೂಡು ಸುಡುವ ಮಾತಾಯ್ತು. ನಾನು, ಕಣಜ ಕಂಬಳಿಹುಳ ಹಿಡಿದು ಮರಿಗಳಿಗೆ ತಿನ್ನಿಸುತ್ತದೆ, ತೋಟಕ್ಕೆ ಉಪಕಾರವೇ ಅಂತ ಹೇಳಿದೆ. ‘ಮರ ಹತ್ತುವುದು ನೀನಾ?’ ಅಂತ ಕೇಳಿದ್ರು ಮಾವ. ನನ್ನ ಹತ್ತಿರ ಉತ್ತರ ಇರಲಿಲ್ಲ. ಅಡಿಕೆ ಮರ ಹತ್ತುವವನಿಗೆ ಎರಡು ಕೈಯೂ ಮರಕ್ಕೇ ಬೇಕು, ಹುಳ ಓಡಿಸಲಿಕ್ಕೆ ಮೂರನೇ ಕೈ ಇಲ್ಲ.

ಗೂಡನ್ನು ರಾತ್ರಿ ಸುಟ್ಟರು. ಈ ವರ್ಷ ತೋಟದ ಆಚೆ ಬದಿಯ ಹಲಸಿನ ಮರದಲ್ಲಿ ಇನ್ನೊಂದು ಎದ್ದಿದೆ. ಅಲ್ಲಿಗೆ ಯಾರೂ ಹತ್ತುವುದಿಲ್ಲ, ಅದನ್ನು ಬಿಟ್ಟಿದ್ದೇವೆ. ಈಗ ಮಾವ ತಳೆ ಹಾಕುವ ಮೊದಲು ನನ್ನ ಫೋನ್ ಕೇಳುತ್ತಾರೆ, ಕ್ಯಾಮೆರಾ ಝೂಮ್ ಮಾಡಿ ಒಂದೊಂದೇ ಮರದ ತುದಿ ನೋಡಲಿಕ್ಕೆ.