ಆ್ಯಪ್ ಮಾಡಿಸುವ ಮುಂಚೆ ಲೆಕ್ಕದ ಪುಸ್ತಕ ತೆಗೆಯಿರಿ

(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಸಿಸ್ಟರ್ ಮಾಡಿದ ಭಾಷಣದ ಬರಹ ರೂಪ)



ಈ ವರ್ಷ ಯಾವ ಸಂಘಕ್ಕೆ ಹೋದರೂ ಒಂದು ಪ್ರಶ್ನೆ ಕೇಳ್ತಾ ಇದ್ದೀರಿ. "ಸಿಸ್ಟರ್, ನಮ್ಮ ಹಪ್ಪಳ, ಉಪ್ಪಿನಕಾಯಿ ಮಾರೋದಕ್ಕೆ ನಾವೂ ಒಂದು ಆ್ಯಪ್ ಮಾಡಿಸಬಹುದಾ?" ಮಾಡಿಸಬಹುದು. ಆದರೆ ಹೇಗೆ, ಯಾವಾಗ, ಯಾರ ಹೆಸರಲ್ಲಿ ಅನ್ನೋದನ್ನು ತಿಳಿದುಕೊಂಡು ಮಾಡಿಸಬೇಕು. ಇದನ್ನು ಹೇಳುವ ಮೊದಲು ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕು.

ಒಂದು ಸಂಘದ ಕಥೆ

ಕೆಲವು ವರ್ಷಗಳ ಹಿಂದೆ ನಾನು ನೋಡಿಕೊಳ್ಳುತ್ತಿದ್ದ ಒಂದು ಸಂಘದಲ್ಲಿ 14 ಜನ ಸದಸ್ಯರಿದ್ದರು. ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ಬಾಳಕದ ಮೆಣಸು ಮಾಡ್ತಿದ್ದರು. ರುಚಿಗೆ ಎರಡು ಮಾತಿಲ್ಲ. ಪರಿಚಯದ ಒಬ್ಬ ಹುಡುಗ ಬಂದು "45,000 ರೂಪಾಯಿ ಕೊಡಿ, ಆ್ಯಪ್ ಮಾಡಿಕೊಡ್ತೀನಿ" ಅಂದ. ಸಂಘದವರು ನನ್ನ ಮುಖ ನೋಡಿದರು. ನಾನು "ಒಳ್ಳೆ ಹುಡುಗ, ಮಾಡಿಸಿ" ಅಂದುಬಿಟ್ಟೆ. ಉಳಿತಾಯದ ಹಣದಿಂದ ಪೂರ್ತಿ ಮೊತ್ತವನ್ನು ಒಂದೇ ಸಲ ಕೊಟ್ಟರು. ಒಂದು ಸಾಲಿನ ಕರಾರೂ ಬರೆಯಲಿಲ್ಲ.

ಆ್ಯಪ್ ಬಂತು. ಪೂರ್ತಿ ಇಂಗ್ಲಿಷಿನಲ್ಲಿತ್ತು. ಆರ್ಡರ್ ಬಂದರೆ ಆ ಹುಡುಗನ ಇಮೇಲಿಗೆ ಹೋಗ್ತಿತ್ತು, ಅವನು ಫೋನ್ ಮಾಡಿ ತಿಳಿಸಬೇಕು. ಹಲಸಿನ ಹಪ್ಪಳ ಬೇಸಿಗೆಯಲ್ಲಿ ಮಾಡಿ ಇಡುವ ವಸ್ತು. ಆಗಸ್ಟ್ ಹೊತ್ತಿಗೆ ಡಬ್ಬ ಖಾಲಿ. ಆದರೂ ಆ್ಯಪ್ ಆರ್ಡರ್ ತೆಗೆದುಕೊಳ್ಳುತ್ತಲೇ ಇತ್ತು. "ಮುಗಿದಿದೆ" ಅಂತ ತೋರಿಸುವ ಗುಂಡಿಯೇ ಅದರಲ್ಲಿರಲಿಲ್ಲ. ದುಡ್ಡು ಕಟ್ಟಿದವರು ಬೈದರು. ಆಮೇಲೆ ಹುಡುಗನಿಗೆ ದೂರದ ಊರಲ್ಲಿ ಕೆಲಸ ಸಿಕ್ಕಿತು, ನಂಬರ್ ಬದಲಾಯಿತು. ಸರ್ವರಿನ ಬಾಡಿಗೆ ಕಟ್ಟುವವರಿಲ್ಲದೆ ಒಂದು ದಿನ ಆ್ಯಪ್ ನಿಂತೇ ಹೋಯಿತು. ಗಿರಾಕಿಗಳ ಹೆಸರು, ನಂಬರ್ ಎಲ್ಲ ಅದರ ಜೊತೆಗೇ ಹೋಯಿತು.

ಆ ಜೂನ್‌ನಲ್ಲಿ ಒಬ್ಬ ಸದಸ್ಯೆ ಮಗಳ ಹಾಸ್ಟೆಲ್ ಫೀಸಿಗೆ ಸಾಲ ಕೇಳಿದಳು. ಸಂಘದಲ್ಲಿ ಕೊಡುವಷ್ಟು ದುಡ್ಡಿರಲಿಲ್ಲ. ಅವಳು ಹೊರಗೆ ಬಡ್ಡಿಗೆ ತಂದಳು. ಅವಳು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಆದರೆ ಅವಳ ಮನೆ ಮುಂದೆ ಹೋಗುವಾಗೆಲ್ಲ ನನಗೆ ಆ 45,000 ನೆನಪಾಗುತ್ತದೆ.

ಆ ಹುಡುಗ ಮೋಸಗಾರ ಅಂತ ನಾನು ಹೇಳೋದಿಲ್ಲ. ಏನು ಬೇಕು ಅಂತ ನಾವು ಅವನಿಗೆ ಹೇಳಿರಲಿಲ್ಲ, ನಮಗೇ ಗೊತ್ತಿರಲಿಲ್ಲ. ಲೂಕನ ಶುಭಸಂದೇಶದಲ್ಲಿ ಯೇಸುಸ್ವಾಮಿ ಒಂದು ಮಾತು ಹೇಳುತ್ತಾರೆ: ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುತ್ತಾನಲ್ಲವೇ ಅಂತ. ನಾವು ಕುಳಿತುಕೊಳ್ಳಲೇ ಇಲ್ಲ. ಇವತ್ತು ಕುಳಿತುಕೊಳ್ಳೋಣ.

ಮೊದಲನೆಯದು: ಆ್ಯಪ್ ಬೇಕೇ?

ಪುಸ್ತಕ ತೆಗೆದು ಹೀಗೆ ಲೆಕ್ಕ ಹಾಕಿ. ಉದಾಹರಣೆಗೆ, ಆ್ಯಪ್ ಮಾಡಿಸಲು 60,000 ರೂಪಾಯಿ, ಅದನ್ನು ನಡೆಸಲು ವರ್ಷಕ್ಕೆ 12,000 ರೂಪಾಯಿ ಅಂತ ಇಟ್ಟುಕೊಳ್ಳಿ. ಒಂದು ಕಟ್ಟು ಹಪ್ಪಳಕ್ಕೆ ಎಲ್ಲ ಖರ್ಚು ಕಳೆದು 20 ರೂಪಾಯಿ ಉಳಿಯುತ್ತದೆ. ಹಾಗಾದರೆ ಹಾಕಿದ ಬಂಡವಾಳ ವಾಪಸ್ ಬರಲು 3,000 ಕಟ್ಟು ಮಾರಬೇಕು. ವರ್ಷದ ಖರ್ಚಿಗೆ ಮತ್ತೆ 600 ಕಟ್ಟು. ಇದು ಈಗ ಮಾರುತ್ತಿರುವುದಲ್ಲ, ಆ್ಯಪಿನಿಂದಲೇ ಹೆಚ್ಚಿಗೆ ಮಾರಾಟ ಆಗಬೇಕಾದದ್ದು. ಅಷ್ಟು ಹಪ್ಪಳ ಒತ್ತಲು ನಿಮ್ಮ ಕೈಗಳಿವೆಯೇ? ಅಷ್ಟು ಹಲಸಿನಕಾಯಿ ಸಿಗುತ್ತದೆಯೇ?

ಇನ್ನೊಂದು ವಿಷಯ. ಗಿರಾಕಿ ನಿಮ್ಮ ಉಪ್ಪಿನಕಾಯಿ ವರ್ಷಕ್ಕೆ ಎರಡು ಸಲ ತರಿಸಬಹುದು. ಅಷ್ಟಕ್ಕಾಗಿ ತನ್ನ ಫೋನಿನಲ್ಲಿ ಒಂದು ಆ್ಯಪ್ ಇಟ್ಟುಕೊಳ್ಳುತ್ತಾಳೆಯೇ? ನಾವೂ ಬೇಡದ ಆ್ಯಪ್ ತೆಗೆದುಹಾಕ್ತೀವಲ್ಲ, ಹಾಗೇ ಅವಳೂ.

ಹಾಗಾಗಿ ಮೊದಲು ವಾಟ್ಸ್ಆ್ಯಪ್ ಬಿಸಿನೆಸ್ ಬಳಸಿ. 2018ರಲ್ಲಿ ಬಂದ ಇದು ಚಿಕ್ಕ ವ್ಯಾಪಾರದವರಿಗೆ ಉಚಿತ. ಫೋಟೋ, ತೂಕ, ಬೆಲೆ ಹಾಕಿ ವಸ್ತುಗಳ ಪಟ್ಟಿ ಇಡಬಹುದು. ಸಂಘಕ್ಕೆ ಅಂತ ಬೇರೆ ಸಿಮ್ ತೆಗೆದುಕೊಳ್ಳಿ, ಸಂಘದ ಬ್ಯಾಂಕ್ ಖಾತೆಯ ಕ್ಯೂಆರ್ ಇಡಿ. ಒಬ್ಬ ಸದಸ್ಯೆಯ ಸ್ವಂತ ಖಾತೆ ಬೇಡ. ಮೂರು ತಿಂಗಳು ಹೀಗೆ ನಡೆಸಿ ಒಂದು ಪುಸ್ತಕದಲ್ಲಿ ಬರೆಯಿರಿ: ಎಷ್ಟು ಆರ್ಡರ್ ಬಂತು, ಗಿರಾಕಿಗಳು ಏನೇನು ಕೇಳಿದರು, ಎಲ್ಲಿ ತಪ್ಪಾಯಿತು. ಆರ್ಡರ್ ಬರೆದುಕೊಳ್ಳೋದಕ್ಕೇ ಒಬ್ಬಳ ಇಡೀ ದಿನ ಹೋಗ್ತಿದೆ, ಲೆಕ್ಕ ತಪ್ಪುತ್ತಿದೆ ಅನ್ನುವ ಹಂತಕ್ಕೆ ಬಂದಾಗ ಆ್ಯಪಿನ ಮಾತು ತೆಗೆಯಿರಿ. ಆಗಲೂ ಒಂದೊಂದು ಸಂಘಕ್ಕೆ ಒಂದೊಂದು ಬೇಡ. ಒಕ್ಕೂಟದ ಎಲ್ಲ ಸಂಘಗಳೂ ಸೇರಿ ಒಂದು ಮಾಡಿಸಿದರೆ ಖರ್ಚು ಹಂಚಿಹೋಗುತ್ತದೆ. ಗಿರಾಕಿಗೂ ಹಪ್ಪಳ, ಜೇನು, ಸಾಂಬಾರ್ ಪುಡಿ ಎಲ್ಲ ಒಂದೇ ಕಡೆ ಸಿಗುತ್ತದೆ.

ಎರಡನೆಯದು: ಮೊದಲು ಕಾಗದದ ಮೇಲೆ ಆ್ಯಪ್

ಮನೆ ಕಟ್ಟುವ ಮುಂಚೆ ನಕ್ಷೆ ಹಾಕಿಸ್ತೀವಿ. ಆ್ಯಪಿಗೂ ಹಾಗೇ. ಇದಕ್ಕೆ ಕಂಪ್ಯೂಟರ್ ಬೇಡ. ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಫೋನಿನಷ್ಟು ದೊಡ್ಡ ಐದು ಚೌಕ ಬರೆಯಿರಿ.

1. ವಸ್ತುಗಳ ಪಟ್ಟಿ. ಫೋಟೋ ದೊಡ್ಡದಾಗಿರಲಿ, ಹೆಸರು ಕನ್ನಡದಲ್ಲಿರಲಿ.
2. ಒಂದು ವಸ್ತುವಿನ ವಿವರ: ತೂಕ, ಬೆಲೆ, ಎಷ್ಟು ದಿನ ಇಡಬಹುದು, ಆಹಾರ ಸುರಕ್ಷತಾ ನೋಂದಣಿ ಸಂಖ್ಯೆ.
3. ಗಿರಾಕಿಯ ಹೆಸರು, ವಿಳಾಸ, ಫೋನ್.
4. ಒಟ್ಟು ಎಷ್ಟಾಯಿತು, ಅಂಚೆ ಖರ್ಚು ಎಷ್ಟು, ಹಣ ಹೇಗೆ ಕೊಡುವುದು.
5. ಸಂಘದವರಿಗೆ ಮಾತ್ರ ಕಾಣುವ ಪುಟ: ಬಂದ ಆರ್ಡರ್, ಕಳಿಸಿದ್ದು, ಉಳಿದ ದಾಸ್ತಾನು, ಮತ್ತು ಮರೆಯದೆ ಆ "ಮುಗಿದಿದೆ" ಗುಂಡಿ.

ಇದನ್ನು ಪಕ್ಕದ ಮನೆಯವರ ಕೈಗೆ ಕೊಡಿ. "ಎರಡು ಕಟ್ಟು ಹಪ್ಪಳ ಆರ್ಡರ್ ಮಾಡಿ" ಅಂತ ಮಾತ್ರ ಹೇಳಿ ಸುಮ್ಮನಿರಿ. ಅವರ ಬೆರಳು ಎಲ್ಲಿ ನಿಲ್ಲುತ್ತದೆ ನೋಡಿ. ನಿಂತ ಜಾಗದಲ್ಲಿ ತಪ್ಪು ಅವರದ್ದಲ್ಲ, ನಮ್ಮ ನಕ್ಷೆಯದು. ಕಾಗದದಲ್ಲಿ ತಿದ್ದಲು ರಬ್ಬರ್ ಸಾಕು. ಆ್ಯಪ್ ಆದ ಮೇಲೆ ತಿದ್ದಿಸಲು ಸಾವಿರಗಟ್ಟಲೆ ಬೇಕು.

ಅದೂ ಇರಲಿ, ಇದೂ ಇರಲಿ ಅಂತ ಸೇರಿಸಬೇಡಿ. ಹಿಟ್ಟು ಕಲಸಿದ ಕೂಡಲೇ ಅಷ್ಟನ್ನೂ ಒತ್ತಿಬಿಡೋದಿಲ್ಲ, ಒಂದು ಹಪ್ಪಳ ಕರಿದು ಉಪ್ಪು ಖಾರ ನೋಡ್ತೀವಿ. ಮೊದಲಿಗೆ ಈ ಐದೇ ಪುಟ ಇರಲಿ, ಮಿಕ್ಕಿದ್ದು ಆಮೇಲೆ. ಮತ್ತೆ, ನೆಟ್‌ವರ್ಕ್ ಸರಿಯಾಗಿ ಸಿಗದ ಕಡೆ, ಹಳೆಯ ಫೋನಿನಲ್ಲಿ ನಡೆಯುವಷ್ಟು ಹಗುರವಾಗಿರಬೇಕು. ನಮ್ಮ ದೇಶದಲ್ಲಿ ಹೆಚ್ಚಿನವರ ಕೈಲಿರೋದು ಆಂಡ್ರಾಯ್ಡ್ ಫೋನ್, ಅದಕ್ಕೊಂದು ಮಾಡಿಸಿದರೆ ಶುರು ಮಾಡಲು ಸಾಕು. ಐಫೋನಿನ ಆ್ಯಪಿಗೆ ಆಪಲ್ ಕಂಪನಿಗೆ ಪ್ರತಿ ವರ್ಷ 99 ಡಾಲರ್ ಕಟ್ಟಬೇಕು. ಗೂಗಲ್ ಪ್ಲೇ ಸ್ಟೋರಿಗೆ ಒಂದೇ ಸಲ 25 ಡಾಲರ್.

ಮೂರನೆಯದು: ಬೀಗದ ಕೈ ಯಾರ ಹತ್ತಿರ?

ಇದನ್ನು ದಯವಿಟ್ಟು ಗಮನ ಇಟ್ಟು ಕೇಳಿ. ನಾವು ಎಡವಿದ್ದು ಇಲ್ಲೇ.

ಪ್ಲೇ ಸ್ಟೋರಿನ ಖಾತೆ ಮಾಡಿಕೊಡುವವನ ಹೆಸರಲ್ಲಿ ಇರಬಾರದು. ನೋಂದಣಿಯಾದ ಒಕ್ಕೂಟವಾದರೆ ಸಂಸ್ಥೆಯ ಖಾತೆ ತೆರೆಯಬಹುದು. ಅದಕ್ಕೆ ಡನ್ಸ್ ನಂಬರ್ ಅನ್ನುವ ಗುರುತಿನ ಸಂಖ್ಯೆ ಮೊದಲು ಪಡೆಯಬೇಕು. ಸರ್ವರ್, ವೆಬ್ ವಿಳಾಸ, ಇಮೇಲ್ ಇವೆಲ್ಲವೂ ಒಕ್ಕೂಟದ್ದೇ ಆಗಿರಲಿ. ಪಾಸ್‌ವರ್ಡುಗಳನ್ನು ಬರೆದು ಲಕೋಟೆಯಲ್ಲಿ ಮುಚ್ಚಿ ಠರಾವು ಪುಸ್ತಕದ ಜೊತೆ ಬೀರುವಿನಲ್ಲಿಡಿ. ಪದಾಧಿಕಾರಿಗಳು ಬದಲಾದಾಗ ಪಾಸ್‌ವರ್ಡೂ ಬದಲಾಗಲಿ.

ದುಡ್ಡು ಕೊಟ್ಟಿದ್ದೀವಿ, ಆ್ಯಪ್ ನಮ್ಮದೇ ಅಂತ ನಾವು ತಿಳಿದಿದ್ದೆವು. ಕಾನೂನು ಹಾಗಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಮ್ ಕೂಡ ಒಂದು ಕೃತಿ. ಸಂಬಳದ ನೌಕರ ಬರೆದರೆ ಹಕ್ಕು ಸಾಮಾನ್ಯವಾಗಿ ಮಾಲೀಕರದು. ಹೊರಗಿನವನು ಗುತ್ತಿಗೆಗೆ ಮಾಡಿಕೊಟ್ಟರೆ, ಅವನು ಬರೆದು ಸಹಿ ಹಾಕಿ ನಮಗೆ ವಹಿಸಿಕೊಡದ ತನಕ ಹಕ್ಕು ಅವನಲ್ಲೇ ಉಳಿಯುತ್ತದೆ. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ 5 ವರ್ಷಕ್ಕೆ ಮಾತ್ರ ಅಂತ ಕಾಯ್ದೆ ತಿಳಿಯುತ್ತದೆ. ಆದ್ದರಿಂದ ಕರಾರಿನಲ್ಲಿ ಹಕ್ಕು ಪೂರ್ಣಾವಧಿಗೆ ಒಕ್ಕೂಟಕ್ಕೆ, ಸೋರ್ಸ್ ಕೋಡ್ ನಮಗೆ ಒಪ್ಪಿಸಬೇಕು ಅಂತ ಸ್ಪಷ್ಟವಾಗಿ ಬರೆಸಿ. ಸೋರ್ಸ್ ಕೋಡ್ ಅಂದರೆ ಆ್ಯಪಿನ ಮೂಲ ಬರಹ. ಅದು ಕೈಯಲ್ಲಿದ್ದರೆ ನಾಳೆ ಬೇರೆಯವರಿಂದಲೂ ರಿಪೇರಿ ಮಾಡಿಸಬಹುದು.

ಹಣವನ್ನು ಕಂತಿನಲ್ಲಿ ಕೊಡಿ. ನಕ್ಷೆ ಒಪ್ಪಿಗೆಯಾದಾಗ ಒಂದು ಕಂತು, ಪರೀಕ್ಷೆಗೆ ಕೊಟ್ಟಾಗ ಒಂದು, ಕೋಡು, ಖಾತೆ ಎಲ್ಲ ಒಪ್ಪಿಸಿದಾಗ ಒಂದು, ಒಂದು ತಿಂಗಳು ಸರಿಯಾಗಿ ನಡೆದ ಮೇಲೆ ಕೊನೆಯದು. "ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ" ಆಗೋದು ಬೇಡ.

ನಾಲ್ಕನೆಯದು: ಪರೀಕ್ಷೆ ಮತ್ತು ನಿರ್ವಹಣೆ

ಇಲ್ಲಿ ನಮ್ಮ ಸಂಘಗಳಿಗೆ ಒಂದು ಅನುಕೂಲ ಇದೆ. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಯಿಂದ ಪ್ಲೇ ಸ್ಟೋರಿಗೆ ಆ್ಯಪ್ ಹಾಕಬೇಕಾದರೆ, ಕನಿಷ್ಠ 12 ಜನ ಸತತ 14 ದಿನ ಪರೀಕ್ಷೆಯಲ್ಲಿ ಇರಬೇಕು ಅಂತ ಗೂಗಲ್ ನಿಯಮ ಮಾಡಿದೆ. ಬೇರೆಯವರು ಆ 12 ಜನರನ್ನು ಹುಡುಕಿಕೊಂಡು ಹೋಗಬೇಕು. ನಮ್ಮ ಒಂದು ಸಂಘದಲ್ಲೇ ಅಷ್ಟು ಜನ ಇದ್ದೀವಿ! ಸಂಸ್ಥೆಯ ಖಾತೆಗೆ ಈ ನಿಯಮ ಇಲ್ಲದಿದ್ದರೂ ನೀವು ಎರಡು ವಾರ ಪರೀಕ್ಷೆ ಮಾಡಿ. ದಿನಾ ಒಬ್ಬೊಬ್ಬರು ಸುಳ್ಳು ಆರ್ಡರ್ ಹಾಕಿ ನೋಡಿ. ಕರೆಂಟ್ ಹೋದಾಗ, ಸಿಗ್ನಲ್ ಇಲ್ಲದಾಗ, ಒಂದೇ ಗುಂಡಿ ಎರಡು ಸಲ ಒತ್ತಿದಾಗ ಏನಾಗುತ್ತದೆ ಬರೆದಿಡಿ.

ಆ್ಯಪ್ ಅಂದರೆ ಒಂದು ಸಲ ಮಾಡಿಸಿ ಮರೆಯುವ ವಸ್ತುವಲ್ಲ. ಮಳೆಗಾಲಕ್ಕೆ ಮುಂಚೆ ಹೆಂಚು ಸರಿ ಮಾಡಿಸ್ತೀವಲ್ಲ, ಹಾಗೆ ವರ್ಷ ವರ್ಷವೂ ಕೆಲಸ ಇರುತ್ತದೆ. ಹೊಸ ಆಂಡ್ರಾಯ್ಡಿಗೆ ತಕ್ಕ ಹಾಗೆ ಬದಲಾಯಿಸದಿದ್ದರೆ ಹೊಸ ಫೋನು ಕೊಂಡವರಿಗೆ ನಿಮ್ಮ ಆ್ಯಪ್ ಪ್ಲೇ ಸ್ಟೋರಿನಲ್ಲಿ ಕಾಣದೇ ಹೋಗಬಹುದು. ಸರ್ವರ್ ಬಾಡಿಗೆ, ವೆಬ್ ವಿಳಾಸದ ನವೀಕರಣ, ಒಟಿಪಿ ಮೆಸೇಜಿನ ಖರ್ಚು ಇವನ್ನೆಲ್ಲ ವರ್ಷದ ಬಜೆಟ್ಟಿನಲ್ಲೇ ಬರೆಯಿರಿ.

ಗಿರಾಕಿಯ ಮಾಹಿತಿ ನಮ್ಮ ಹತ್ತಿರ ಇಟ್ಟ ಒಡವೆ ಇದ್ದ ಹಾಗೆ. ಇದಕ್ಕೆಂದೇ ಸಂಸತ್ತು 2023ರಲ್ಲಿ ಕಾಯ್ದೆ ಮಾಡಿದೆ. 2025ರ ನವೆಂಬರಿನಲ್ಲಿ ನಿಯಮಗಳು ಪ್ರಕಟವಾಗಿವೆ, ಹಂತ ಹಂತವಾಗಿ ಜಾರಿಗೆ ಬರುವಂಥವು. ಪಾರ್ಸೆಲ್ ಕಳಿಸಲು ಹೆಸರು, ವಿಳಾಸ, ಫೋನ್ ಸಾಕು. ಆಧಾರ್, ಹುಟ್ಟಿದ ದಿನ, ಫೋನಿನಲ್ಲಿರುವ ನಂಬರುಗಳ ಪಟ್ಟಿ ಇವು ಯಾಕೆ? ಕೇಳಬೇಡಿ. ತೆಗೆದುಕೊಂಡ ನಂಬರನ್ನು ಯಾರಿಗೂ ಕೊಡಬೇಡಿ.

ಕೊನೆಯ ಮಾತು

ಆ ಸಂಘ ಮುಚ್ಚಿಹೋಗಲಿಲ್ಲ. ಈಗ ಒಂದು ಸಿಮ್ಮು, ಒಂದು ಫೋನು, ಒಂದು ನೋಟ್ ಪುಸ್ತಕ ಇಟ್ಟುಕೊಂಡು ವ್ಯಾಪಾರ ನಡೆಸ್ತಾ ಇದ್ದಾರೆ. ಕಳೆದ ಬೇಸಿಗೆಯಲ್ಲಿ ಹೋದಾಗ ಕಾರ್ಯದರ್ಶಿ ಆ ಪುಸ್ತಕ ತೋರಿಸಿದಳು. ಯಾವ ತಿಂಗಳು ಏನು ಮುಗಿಯುತ್ತದೆ, ಯಾವ ಗಿರಾಕಿಗೆ ಖಾರ ಕಡಿಮೆ ಬೇಕು, ಎಲ್ಲ ಬರೆದಿದ್ದಳು. "ಸಿಸ್ಟರ್, ಈಗ ಆ್ಯಪ್ ಮಾಡಿಸಿದರೆ ಏನು ಹೇಳಬೇಕು ಅಂತ ನಮಗೆ ಗೊತ್ತು" ಅಂದಳು. ಅಷ್ಟು ಗೊತ್ತಿದ್ದರೆ ಅರ್ಧ ಆ್ಯಪ್ ಆದ ಹಾಗೆ.

ಇನ್ನು ಮೇಲೆ ನಾನಾಗಲಿ, ಫಾದರ್ ಆಗಲಿ, ಯಾವ ಅಧಿಕಾರಿಯಾಗಲಿ "ಒಳ್ಳೆಯವರು, ದುಡ್ಡು ಕೊಡಿ" ಅಂದರೆ, "ಕರಾರು ಎಲ್ಲಿ, ಬೀಗದ ಕೈ ಯಾರ ಹತ್ತಿರ?" ಅಂತ ಕೇಳಿ. ನಮ್ಮ ಮೇಲಿನ ಗೌರವಕ್ಕೆ ಸುಮ್ಮನಿರಬೇಡಿ. ದುಡ್ಡು ನಿಮ್ಮದು.

ದೇವರು ನಿಮ್ಮ ಕೆಲಸವನ್ನು ಆಶೀರ್ವದಿಸಲಿ.

ವಾರದ ಸಭೆಯಲ್ಲಿ ಚರ್ಚಿಸಿ:

1. ಕಳೆದ ಮೂರು ತಿಂಗಳಲ್ಲಿ ನಮಗೆ ಎಷ್ಟು ಆರ್ಡರ್ ಬಂತು? ಎಷ್ಟನ್ನು ಪೂರೈಸಲು ಆಗಲಿಲ್ಲ? ಯಾಕೆ?
2. ಒಂದು ಕಟ್ಟಿಗೆ ನಮಗೆ ನಿಜವಾಗಿ ಉಳಿಯುವುದು ಎಷ್ಟು? ನಮ್ಮ ಕೂಲಿಯನ್ನೂ ಲೆಕ್ಕ ಹಾಕಿದ್ದೀವಾ?
3. ಸಂಘದ ಫೋನ್ ನಂಬರ್, ಕ್ಯೂಆರ್, ಪಾಸ್‌ವರ್ಡ್ ಯಾರ ಹೆಸರಲ್ಲಿವೆ?
4. ಐದು ಚೌಕದ ನಕ್ಷೆ ಬರೆದು, ಸಂಘಕ್ಕೆ ಸೇರದ ಒಬ್ಬರಿಗೆ ತೋರಿಸಿ. ಅವರ ಬೆರಳು ಎಲ್ಲಿ ನಿಂತಿತು?